ಅಪ್ಪನ ಹೆಸರು ಯಾರ ಪಾಲಿಗೆ?

ರಾಜ್‌ಕುಮಾರ್ ಅನ್ನುವುದು ಹುಟ್ಟುಹೆಸರಲ್ಲ. ಗಾಜನೂರಿನ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜು 1954ರಲ್ಲಿ ‘ಬೇಡರ ಕಣ್ಣಪ್ಪ’ನಾದಾಗ ನಿರ್ದೇಶಕ ಎಚ್.ಎಲ್.ಎನ್. ಸಿಂಹ ಇಟ್ಟ ಹೆಸರು ಅದು. ಒಬ್ಬ ನಟನಿಗೆ ಅಂತ ಹುಟ್ಟಿದ ಹೆಸರು. ಮುಂದೆ ಅದೇ ಮೂವರು ಗಂಡುಮಕ್ಕಳ ಹೆಸರಿಗೂ ಸೇರಿತು: ಶಿವರಾಜ್‌ಕುಮಾರ್, ರಾಘವೇಂದ್ರ ರಾಜ್‌ಕುಮಾರ್, ಪುನೀತ್ ರಾಜ್‌ಕುಮಾರ್. ಈಗ ವಿನಯ್ ರಾಜ್‌ಕುಮಾರ್, ಯುವ ರಾಜ್‌ಕುಮಾರ್ ಅಂತ ಮೊಮ್ಮಕ್ಕಳ ಹೆಸರಲ್ಲೂ ಇದೆ. ಪೋಸ್ಟರಿನ ಮೇಲೆ ಹುಟ್ಟಿದ್ದು ಮೂರು ತಲೆಮಾರಿನಲ್ಲಿ ಮನೆತನದ ಹೆಸರಾಯಿತು.

ಇಂಥ ಹೆಸರು ಯಾರಿಗೆ ಸೇರಬೇಕು ಅನ್ನುವ ಪ್ರಶ್ನೆ ಈಚೆಗೆ ಜೋರಾಗಿದೆ. ಕಂಪ್ಯೂಟರಿನಲ್ಲಿ ಯಾರ ಮುಖವನ್ನಾದರೂ, ಯಾರ ದನಿಯನ್ನಾದರೂ ತಯಾರಿಸಬಹುದು. ಹಾಗಾಗಿ ಹೆಸರಾಂತರು ಒಬ್ಬೊಬ್ಬರಾಗಿ ಕೋರ್ಟಿಗೆ ಹೋಗುತ್ತಿದ್ದಾರೆ. 2022ರ ನವೆಂಬರಿನಲ್ಲಿ ಅಮಿತಾಭ್ ಬಚ್ಚನ್ ದೆಹಲಿ ಹೈಕೋರ್ಟಿಗೆ ಹೋದರು. 2025ರ ಸೆಪ್ಟೆಂಬರಿನಲ್ಲಿ ಮಗ ಅಭಿಷೇಕ್, ಸೊಸೆ ಐಶ್ವರ್ಯಾ ಹೋದರು. ಇವರೆಲ್ಲ ತಮ್ಮ ಹೆಸರನ್ನು ತಾವೇ ಕಾಯಲು ಹೋದವರು. ಆದರೆ ಅಪ್ಪ ತೀರಿಕೊಂಡ ಮೇಲೆ? ಅವರ ಹೆಸರು, ಮುಖ, ದನಿ, ಕೀರ್ತಿ ಮಕ್ಕಳ ಪಾಲಿಗೆ ಬರುತ್ತದಾ? ಬಂದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಅದನ್ನು ಹಂಚಿಕೊಳ್ಳುವುದು ಹೇಗೆ?

ಸಿನಿಮಾದವರ ಮನೆಗಷ್ಟೇ ಸೇರಿದ ಪ್ರಶ್ನೆಯಲ್ಲ ಇದು. ಅಪ್ಪ ಕಟ್ಟಿದ ಹೋಟೆಲ್, ಬಟ್ಟೆ ಅಂಗಡಿ, ಟ್ಯುಟೋರಿಯಲ್ ಇರುವ ಎಷ್ಟೋ ಮನೆಗಳಲ್ಲಿ ಇದೇ ವಿಷಯಕ್ಕೆ ಮಾತು ನಿಂತಿದೆ.

## ಹೆಸರು ಮಗನಿಗೆ ಬರುವ ದಾರಿ

ನಮ್ಮ ಹಳೇ ಮೈಸೂರು ಕಡೆಯ ಪದ್ಧತಿ ಎಲ್ಲರಿಗೂ ಗೊತ್ತು. ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ತಾನು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅನ್ನುವುದು ಕುವೆಂಪು ಅವರ ಪೂರ್ತಿ ಹೆಸರು. ಅವರ ಮಗ ಕೆ.ಪಿ. ಪೂರ್ಣಚಂದ್ರ ತೇಜಸ್ವಿ. ಇಲ್ಲಿ ‘ಕೆ’ ಅಂದರೆ ಕುಪ್ಪಳಿ, ‘ಪಿ’ ಅಂದರೆ ಪುಟ್ಟಪ್ಪ. ಕನ್ನಡದ ಅಷ್ಟು ದೊಡ್ಡ ಹೆಸರು ಮಗನಲ್ಲಿ ಒಂದೇ ಅಕ್ಷರವಾಗಿ ಕೂತಿದೆ. ‘ಕುವೆಂಪು’ ಅನ್ನುವ ಕಾವ್ಯನಾಮವಂತೂ ಮಗನ ಹೆಸರಿಗೆ ಬರಲೇ ಇಲ್ಲ. ತೇಜಸ್ವಿ ತೇಜಸ್ವಿಯಾಗಿಯೇ ಓದುಗರ ಮುಂದೆ ಬಂದರು. ನನಗೆ ಈ ಪದ್ಧತಿ ಇಷ್ಟವಾಗುವುದು ಇದಕ್ಕೇ. ಅಪ್ಪ ಜೊತೆಗೇ ಇರುತ್ತಾನೆ, ಮಗನನ್ನು ಮರೆಮಾಡುವುದಿಲ್ಲ.

ಉತ್ತರ ಕರ್ನಾಟಕದಲ್ಲಿ ತನ್ನ ಹೆಸರು, ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ಮಹಾರಾಷ್ಟ್ರ, ಗುಜರಾತಿನಲ್ಲೂ ಇದೇ ಕ್ರಮ. ಮುಕೇಶ್ ಧೀರೂಭಾಯಿ ಅಂಬಾನಿ, ಅನಿಲ್ ಧೀರೂಭಾಯಿ ಅಂಬಾನಿ. ಧೀರೂಭಾಯಿ ಅನ್ನುವುದು ಜನ ಕರೆಯುತ್ತಿದ್ದ ಹೆಸರು. ಅವರ ಪೂರ್ತಿ ಹೆಸರು ಧೀರಜಲಾಲ್ ಹೀರಾಚಂದ್ ಅಂಬಾನಿ. ಮಕ್ಕಳ ಹೆಸರಿನ ನಡುವೆ ಬಂದದ್ದು ಆ ಕರೆಯುವ ಹೆಸರೇ.

ಇನ್ನೊಂದು ದಾರಿ ರಾಜ್‌ಕುಮಾರ್ ಮನೆಯದು. ಅಪ್ಪ ಹೆಸರು ಮಾಡಿದ ಮೇಲೆ ಆ ಹೆಸರೇ ಮಕ್ಕಳ ಕೊನೆಯ ಹೆಸರಾಗುವುದು. ಹಿಂದಿ ಕವಿ ಹರಿವಂಶರಾಯ್ ಹುಟ್ಟಿದ್ದು ಶ್ರೀವಾಸ್ತವ ಮನೆತನದಲ್ಲಿ, ‘ಬಚ್ಚನ್’ ಅವರ ಕಾವ್ಯನಾಮ. ಮಗ ಅಮಿತಾಭ್‌ನನ್ನು ಶಾಲೆಗೆ ಸೇರಿಸುವಾಗ ಅದನ್ನೇ ಮನೆತನದ ಹೆಸರಾಗಿ ಬರೆಸಿದರು. ಅಲ್ಲಿಂದ ಅದು ಮೊಮ್ಮಗ ಅಭಿಷೇಕ್‌ಗೂ ಬಂತು. ಶಿವರಾಜ್‌ಕುಮಾರ್ ಅವರ ಹುಟ್ಟುಹೆಸರು ನಾಗರಾಜು ಶಿವ ಪುಟ್ಟಸ್ವಾಮಿ. ಅದರಲ್ಲಿ ಇರುವುದು ತಾತನ ಹೆಸರು. ಪುನೀತ್ ಬಾಲನಟನಾಗಿದ್ದಾಗ ತೆರೆಯ ಮೇಲೆ ಬರುತ್ತಿದ್ದದ್ದು ಮಾಸ್ಟರ್ ಲೋಹಿತ್ ಅಂತ. ‘ರಾಜ್‌ಕುಮಾರ್’ ಇಬ್ಬರಿಗೂ ಆಮೇಲೆ ಸೇರಿದ್ದು.

ಹೊರದೇಶಕ್ಕೆ ಹೋದ ಕನ್ನಡಿಗರಿಗೆ ಈ ವಿಷಯ ಬೇರೆ ರೀತಿಯಲ್ಲಿ ಎದುರಾಗುತ್ತದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಸರ್‌ನೇಮ್ ಅಂತ ಒಂದು ಕಾಲಂ ಇರುತ್ತದೆ. ನಮ್ಮ ಹಳೇ ಮೈಸೂರು ಕಡೆ ಆ ಪದ್ಧತಿಯೇ ಇಲ್ಲವಲ್ಲ, ಹಾಗಾಗಿ ಎಷ್ಟೋ ಜನ ಅಪ್ಪನ ಹೆಸರನ್ನೇ ತುಂಬುತ್ತಾರೆ. ಅಲ್ಲಿಗೆ ಹೋದ ಮೇಲೆ ಆಫೀಸಿನಲ್ಲಿ, ಬ್ಯಾಂಕಿನಲ್ಲಿ ಎಲ್ಲರೂ ಅಪ್ಪನ ಹೆಸರು ಹಿಡಿದೇ ಕರೆಯುತ್ತಾರೆ. ಒಂದು ತಲೆಮಾರು ಕಳೆಯುವುದರೊಳಗೆ ಊರಿನ ಮಂಜುನಾಥನೋ ಶಿವಣ್ಣನೋ ಒಂದು ಮನೆತನದ ಹೆಸರಾಗಿಬಿಡುತ್ತಾನೆ.

ಇಷ್ಟೂ ರೂಢಿಯ ಮಾತು. ಕಾನೂನು ಇದರಲ್ಲಿ ತಲೆ ಹಾಕುವುದು ಕಡಿಮೆ. ನಿಮ್ಮ ಮಗುವಿಗೆ ರಾಜ್‌ಕುಮಾರ್ ಅಂತ ಹೆಸರಿಡಲು ಯಾರ ಅನುಮತಿಯೂ ಬೇಡ. ಹೆಸರನ್ನು ಬಳಸಿ ದುಡ್ಡು ಮಾಡಲು ಹೊರಟಾಗ ಮಾತ್ರ ಲೆಕ್ಕ ಬದಲಾಗುತ್ತದೆ.

## ಹೆಸರು ಒಂದು, ಒಳಗೆ ನಾಲ್ಕು ಸಂಗತಿ

‘ಅಪ್ಪನ ಹೆಸರು ನಮಗೆ ಸೇರಬೇಕು’ ಅಂತ ಮಕ್ಕಳು ಹೇಳುವಾಗ ಸಾಮಾನ್ಯವಾಗಿ ನಾಲ್ಕು ಬೇರೆ ಬೇರೆ ಸಂಗತಿ ಒಟ್ಟಿಗೆ ಸೇರಿಕೊಂಡಿರುತ್ತವೆ. ಅಪ್ಪ ಬಿಟ್ಟುಹೋದ ಮನೆ, ಜಮೀನು, ಹಣ ಒಂದು. ಅಪ್ಪ ಬರೆದದ್ದು, ಹಾಡಿದ್ದು, ಮಾಡಿದ್ದು ಇನ್ನೊಂದು. ಅಂಗಡಿ ಬೋರ್ಡಿನ ಮೇಲೆ ವ್ಯಾಪಾರದ ಗುರುತಾಗಿ ನಿಂತ ಹೆಸರು ಮೂರನೆಯದು. ಕೊನೆಯದು ಅಪ್ಪನ ಮುಖ, ದನಿ, ಜನರ ಮನಸ್ಸಿನಲ್ಲಿರುವ ಮರ್ಯಾದೆ. ಈ ನಾಲ್ಕಕ್ಕೂ ನಿಯಮ ಬೇರೆ. ಜಗಳ ಜಾಸ್ತಿಯಾಗುವುದು ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚಿದಾಗ.

ಮೊದಲನೆಯದು ನಮಗೆಲ್ಲ ಗೊತ್ತಿರುವುದೇ. ವಿಲ್ ಇದ್ದರೆ ಅದರಂತೆ. ವಿಲ್ ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತೀರಿಕೊಂಡವರ ತಾಯಿ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ, ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನು. ವಂಶವೃಕ್ಷ ಮಾಡಿಸಿ, ಪೌತಿ ಖಾತೆ ಬದಲಾಯಿಸಿ, ಹಿಸ್ಸೆ ಮಾಡಿಕೊಂಡರೆ ಜಮೀನಿನ ಕೆಲಸ ಮುಗಿಯಿತು. ಹೆಣ್ಣುಮಕ್ಕಳನ್ನು ಇಲ್ಲಿ ಮರೆಯುವಂತಿಲ್ಲ. ಅಪ್ಪನ ಹೆಸರು ಗಂಡುಮಕ್ಕಳ ಜೊತೆಗೇ ಕಾಣಿಸುವುದು ಜಾಸ್ತಿ, ಆದರೆ ಹಿಂದೂ, ಕ್ರೈಸ್ತ ಮನೆಗಳಲ್ಲಿ ಮುಂದೆ ಹೇಳುವ ಹಕ್ಕುಗಳಲ್ಲೂ ಮಗಳ ಪಾಲು ಮಗನಷ್ಟೇ.

## ಬರೆದದ್ದು, ಹಾಡಿದ್ದು, ನಟಿಸಿದ್ದು

ಬರಹಗಾರನ ಮಕ್ಕಳಿಗೆ ಸಿಗುವುದಕ್ಕೂ ನಟನ ಮಕ್ಕಳಿಗೆ ಸಿಗುವುದಕ್ಕೂ ದೊಡ್ಡ ವ್ಯತ್ಯಾಸವಿದೆ.

ಬರೆದವನಿಗೆ ತನ್ನ ಬರಹದ ಮೇಲೆ ಕಾಪಿರೈಟ್ ಇರುತ್ತದೆ, ಅಂದರೆ ಅದನ್ನು ಅಚ್ಚು ಹಾಕುವ, ಮಾರುವ, ಬೇರೆ ಭಾಷೆಗೆ ತರುವ ಹಕ್ಕು. ನಮ್ಮಲ್ಲಿ ಇದು ಬರಹಗಾರ ತೀರಿಕೊಂಡ ಮೇಲೂ 60 ವರ್ಷ ನಡೆಯುತ್ತದೆ. ಎಣಿಕೆ ಶುರುವಾಗುವುದು ತೀರಿಕೊಂಡ ಮರುವರ್ಷದ ಜನವರಿಯಿಂದ. ಕುವೆಂಪು ತೀರಿಕೊಂಡದ್ದು 1994ರ ನವೆಂಬರಿನಲ್ಲಿ. ಹಾಗಾಗಿ ಅವರ ಬರಹಗಳ ಹಕ್ಕು 2054ರ ಕೊನೆಯವರೆಗೆ ಇರುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಅವರದು 2041ಕ್ಕೆ ಮುಗಿಯುತ್ತದೆ. ಅಷ್ಟು ವರ್ಷ ರಾಯಲ್ಟಿ ವಾರಸುದಾರರಿಗೆ ಹೋಗುತ್ತದೆ, ಜಮೀನಿನಂತೆಯೇ ಹಂಚಿಕೆಯಾಗುತ್ತದೆ. ಜೊತೆಗೆ ಬರಹವನ್ನು ಯಾರಾದರೂ ತಿರುಚಿದರೆ ತಡೆಯುವ ಹಕ್ಕೂ ಮನೆಯವರಿಗಿದೆ.

ನಟನಿಗೆ ಈ ಭಾಗ್ಯವಿಲ್ಲ. ಸಿನಿಮಾದ ಕಾಪಿರೈಟ್ ನಿರ್ಮಾಪಕರದು. ಚಿತ್ರ ಹೊರಬಂದ ಮರುವರ್ಷದಿಂದ 60 ವರ್ಷ ಅವರದೇ. ‘ಬಂಗಾರದ ಮನುಷ್ಯ’ 1972ರ ಚಿತ್ರ, ಅದರ ಹಕ್ಕು 2032ರ ಕೊನೆಯವರೆಗೆ ಇರುತ್ತದೆ. ತೆರೆಯ ಮೇಲೆ ಕಾಣುವುದೆಲ್ಲ ರಾಜ್‌ಕುಮಾರ್ ಮುಖವೇ ಆದರೂ ನಟನ ಮಕ್ಕಳು ಅನ್ನುವ ಒಂದೇ ಕಾರಣಕ್ಕೆ ಅದರಲ್ಲಿ ಪಾಲು ಬರುವುದಿಲ್ಲ. ಆ ಮನೆಯ ವಿಶೇಷ ಬೇರೆ ಕಡೆ ಇದೆ. ಪಾರ್ವತಮ್ಮ ರಾಜ್‌ಕುಮಾರ್ ಸ್ವತಃ ನಿರ್ಮಾಪಕಿ, ವಜ್ರೇಶ್ವರಿ ಕಂಬೈನ್ಸ್ ಕಟ್ಟಿದವರು. ಇನ್ನೊಂದು ಬ್ಯಾನರಿಗೆ ಮಗಳು ಪೂರ್ಣಿಮಾ ಹೆಸರನ್ನೇ ಇಟ್ಟರು. ಆ ಚಿತ್ರಗಳಲ್ಲಿ ಮಾರಾಟವಾಗದೆ ಉಳಿದ ಹಕ್ಕು ಮಕ್ಕಳಿಗೆ ಬರುವುದು ಅಮ್ಮನ ಕಡೆಯಿಂದ. ಅಪ್ಪನ ಪರಂಪರೆ ಅಂತ ನಾವು ಕರೆಯುವುದರಲ್ಲಿ ಅಮ್ಮ ಕಾಗದಪತ್ರ ನೋಡಿಕೊಂಡು ಉಳಿಸಿದ್ದು ಎಷ್ಟಿದೆ ಅನ್ನುವುದನ್ನು ಯಾರೂ ಸರಿಯಾಗಿ ಎಣಿಸಿಲ್ಲ.

ಹಾಡುಗಾರರ ಸ್ಥಿತಿ ಇವೆರಡರ ನಡುವೆ ಇದೆ. ಹಾಡಿದವರಿಗೆ ತಾವು ಹಾಡಿದ್ದರ ಮೇಲೆ ಪ್ರದರ್ಶಕರ ಹಕ್ಕು ಅಂತ ಒಂದಿದೆ, 50 ವರ್ಷದ್ದು. 2012ರಲ್ಲಿ ಕಾಯ್ದೆ ತಿದ್ದಿದ ಮೇಲೆ ರಾಯಲ್ಟಿ ಕೇಳುವ ದಾರಿ ಇನ್ನಷ್ಟು ಸ್ಪಷ್ಟವಾಯಿತು.

## ಬೋರ್ಡಿನ ಮೇಲಿನ ಹೆಸರು

ಅಣ್ಣತಮ್ಮಂದಿರು ಅತಿ ಹೆಚ್ಚು ಜಗಳಕ್ಕೆ ಬೀಳುವುದು ಇಲ್ಲಿ. ಅಪ್ಪ ಹಿತ್ತಲಲ್ಲಿ ತೋಡಿಸಿದ ಬಾವಿಯನ್ನು ನೆನೆಸಿಕೊಳ್ಳಿ. ಜಮೀನಿಗೆ ಬೇಲಿ ಹಾಕಿ ಭಾಗ ಮಾಡಬಹುದು. ಬಾವಿಯನ್ನು ಎರಡು ತುಂಡು ಮಾಡಲು ಬರುವುದಿಲ್ಲ. ಒಬ್ಬನಿಗೆ ಕೊಟ್ಟು ಇನ್ನೊಬ್ಬನಿಗೆ ಅದರ ಬದಲು ಬೇರೇನಾದರೂ ಕೊಡಬೇಕು, ಇಲ್ಲವೇ ಯಾರು ಯಾವಾಗ ನೀರು ಸೇದಬೇಕು ಅಂತ ಮಾತಾಡಿಕೊಳ್ಳಬೇಕು. ಮಾತಾಡದೆ ಬಿಟ್ಟರೆ ಹಗ್ಗಕ್ಕೆ ಹಗ್ಗ ಸಿಕ್ಕಿಕೊಳ್ಳುತ್ತದೆ.

ಮಾತಾಡಿಕೊಂಡು ಇಬ್ಬರೂ ಸೇದಿದ್ದಕ್ಕೆ ಅಂಬಾನಿ ಮನೆ ಉದಾಹರಣೆ. ಧೀರೂಭಾಯಿ 2002ರ ಜುಲೈ 6ರಂದು ತೀರಿಕೊಂಡರು. ವಿಲ್ ಬರೆದಿರಲಿಲ್ಲ. ಅಣ್ಣತಮ್ಮನ ನಡುವೆ ಬಿರುಕು ಬಿಟ್ಟಿತು. 2005ರ ಜೂನ್‌ನಲ್ಲಿ ತಾಯಿ ಕೋಕಿಲಾಬೆನ್ ಮುಂದೆ ನಿಂತು ಭಾಗ ಮಾಡಿಸಿದರು. ಮಂಗಳೂರಿನಲ್ಲಿ ಹುಟ್ಟಿ ಬೆಳೆದ ಬ್ಯಾಂಕರ್ ಕೆ.ವಿ. ಕಾಮತ್ ಅದಕ್ಕೆ ನೆರವಾದರು. ರಿಲಯನ್ಸ್ ಇಂಡಸ್ಟ್ರೀಸ್ ಮತ್ತು ಪೆಟ್ರೋಕೆಮಿಕಲ್ ಕಂಪನಿ ಐಪಿಸಿಎಲ್ ಮುಕೇಶ್‌ಗೆ. ಫೋನು, ವಿದ್ಯುತ್ತು, ಹಣಕಾಸಿನ ಕಂಪನಿಗಳು ಅನಿಲ್‌ಗೆ. ಕಂಪನಿಗಳು ಭಾಗವಾದವು, ‘ರಿಲಯನ್ಸ್’ ಭಾಗವಾಗಲಿಲ್ಲ. ಇಬ್ಬರೂ ಅದನ್ನೇ ಬಳಸಿದರು. ತಮ್ಮ ತನ್ನ ಗುಂಪಿಗೆ ಅನಿಲ್ ಧೀರೂಭಾಯಿ ಅಂಬಾನಿ ಗ್ರೂಪ್ ಅಂತ ಹೆಸರಿಟ್ಟರು, ಅಪ್ಪನ ಹೆಸರನ್ನು ನಡುವೆಯೇ ಉಳಿಸಿಕೊಂಡು.

ನಮಗೆ ಗಿರಾಕಿಗಳಿಗೆ ಏನಾಯಿತು? ಆ ವರ್ಷಗಳಲ್ಲಿ ಬೆಂಗಳೂರಿನ ರಿಲಯನ್ಸ್ ಫ್ರೆಶ್ ತರಕಾರಿ ಅಂಗಡಿ ಅಣ್ಣನದು, ರಿಲಯನ್ಸ್ ಮೊಬೈಲ್ ತಮ್ಮನದು. ಬೋರ್ಡು ನೋಡಿದವರಿಗೆ ಎರಡೂ ಒಂದೇ. ಮುಂದೆ ತಮ್ಮನ ಫೋನ್ ಕಂಪನಿ ಸಾಲದಲ್ಲಿ ಮುಳುಗಿ 2019ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಅದೇ ಹೊತ್ತಿಗೆ ಅಣ್ಣನ ಜಿಯೋ ದೇಶ ತುಂಬ ಹಬ್ಬಿತ್ತು. ‘ರಿಲಯನ್ಸ್ ಮುಳುಗಿತಂತೆ’ ಅಂತ ಕೇಳಿದವರಿಗೆ ಯಾವ ರಿಲಯನ್ಸ್ ಅಂತ ಬಿಡಿಸಿ ಹೇಳಬೇಕಾಗುತ್ತಿತ್ತು. ಹೆಸರನ್ನು ಹಂಚಿಕೊಂಡರೆ ಒಳ್ಳೆಯದು ಕೆಟ್ಟದ್ದು ಎರಡೂ ಹಂಚಿಕೆಯಾಗುತ್ತವೆ.

ಒಪ್ಪಂದ ಇಲ್ಲದಿದ್ದರೆ ಕಾನೂನು ಏನನ್ನುತ್ತದೆ? 1999ರ ಟ್ರೇಡ್‌ಮಾರ್ಕ್ (ಅಂದರೆ ವ್ಯಾಪಾರದ ಗುರುತು) ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ ಯಾರೇ ಆದರೂ ತನ್ನ ಸ್ವಂತ ಹೆಸರನ್ನು ಪ್ರಾಮಾಣಿಕವಾಗಿ ವ್ಯಾಪಾರಕ್ಕೆ ಬಳಸಬಹುದು. ದೆಹಲಿಯ ಒಂದೇ ಮನೆತನದವರ ಒಡವೆ ಅಂಗಡಿಗಳ ನಡುವೆ ಇಂಥ ವ್ಯಾಜ್ಯ ಬಂದಾಗ 2014ರಲ್ಲಿ ಸುಪ್ರೀಂ ಕೋರ್ಟ್ ಇದೇ ಸೆಕ್ಷನ್ ಎತ್ತಿಹಿಡಿಯಿತು. ಅಡ್ಡಹೆಸರು ಇಬ್ಬರದೂ ಹೌದು, ಇಬ್ಬರೂ ಬಳಸಲಿ ಅಂತ.

ಆದರೆ ‘ಪ್ರಾಮಾಣಿಕವಾಗಿ’ ಅನ್ನುವ ಮಾತಿನಲ್ಲೇ ಎಲ್ಲ ಇದೆ. ಅಣ್ಣನ ಅಂಗಡಿಯ ಅಕ್ಷರದ ಆಕಾರ, ಬಣ್ಣ, ಲೋಗೋ ಎಲ್ಲ ನಕಲು ಮಾಡಿ ‘ನನ್ನ ಹೆಸರೂ ಅದೇ ತಾನೇ’ ಅಂದರೆ ನಡೆಯುವುದಿಲ್ಲ. ಕೋರ್ಟು ಕೊನೆಗೆ ನೋಡುವುದು ಒಂದನ್ನೇ: ಗಿರಾಕಿ ಗೊಂದಲಕ್ಕೆ ಬೀಳುತ್ತಾನಾ? ಅಂಗಡಿಗೆ ಬಂದವನಿಗೆ ತಾನು ಯಾರ ಹತ್ತಿರ ಕೊಳ್ಳುತ್ತಿದ್ದೇನೆ ಅಂತ ಗೊತ್ತಾಗಬೇಕು.

2025ರಲ್ಲಿ ಮುಂಬೈಯ ಲೋಧಾ ಸಹೋದರರ ವಿಷಯ ಈ ಪ್ರಶ್ನೆಯ ಮೇಲೇ ತೀರ್ಮಾನವಾಯಿತು. ಅಣ್ಣ ಅಭಿಷೇಕ್ ನಡೆಸುವ, ಆಗ ಮ್ಯಾಕ್ರೋಟೆಕ್ ಅಂತಿದ್ದ ಕಂಪನಿ ಲೋಧಾ ಹೆಸರಿನಲ್ಲಿ ಮನೆ ಕಟ್ಟಿ ಮಾರುತ್ತದೆ. ತಮ್ಮ ಅಭಿನಂದನ್ ಬೇರೆ ಕಂಪನಿ ಕಟ್ಟಿದಾಗ ಅದರ ಹೆಸರಲ್ಲೂ ಲೋಧಾ ಇತ್ತು. ಮ್ಯಾಕ್ರೋಟೆಕ್ ಜನವರಿಯಲ್ಲಿ ಬಾಂಬೆ ಹೈಕೋರ್ಟಿಗೆ ಹೋಯಿತು. ಕೋರ್ಟು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ನಮ್ಮ ಕರ್ನಾಟಕ ಹೈಕೋರ್ಟಿನಲ್ಲೂ ಇದ್ದ ಆರ್.ವಿ. ರವೀಂದ್ರನ್ ಅವರ ಮಧ್ಯಸ್ಥಿಕೆಗೆ ಕಳಿಸಿತು. ಏಪ್ರಿಲ್‌ನಲ್ಲಿ ರಾಜಿಯಾಯಿತು. ‘ಲೋಧಾ’, ‘ಲೋಧಾ ಗ್ರೂಪ್’ ಅಣ್ಣನ ಕಂಪನಿಗೆ ಮಾತ್ರ. ‘ಹೌಸ್ ಆಫ್ ಅಭಿನಂದನ್ ಲೋಧಾ’ ತಮ್ಮನದು. ಎರಡಕ್ಕೂ ಸಂಬಂಧವಿಲ್ಲ ಅಂತ ಇಬ್ಬರೂ ಜನರಿಗೆ ತಿಳಿಸಬೇಕು. ಮನೆತನದ ಹೆಸರನ್ನು ತಮ್ಮನಿಂದ ಪೂರ್ತಿ ಕಿತ್ತುಕೊಳ್ಳಲಿಲ್ಲ, ಅವನ ಸ್ವಂತ ಹೆಸರನ್ನು ಜೊತೆಗೆ ನಿಲ್ಲಿಸಿದರು ಅಷ್ಟೇ.

ಹೊರಗಿನವರು ಬಂದು ಸತ್ತವರ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಕೊಳ್ಳಬಹುದಾ? ಇದಕ್ಕೂ ಒಂದು ನಿಯಮವಿದೆ, ಅದೇ ಕಾಯ್ದೆಯ 14ನೇ ಸೆಕ್ಷನ್. ಅರ್ಜಿಯ ಹಿಂದಿನ 20 ವರ್ಷದೊಳಗೆ ತೀರಿಕೊಂಡವರ ಹೆಸರಾದರೆ, ಮನೆಯವರ ಒಪ್ಪಿಗೆ ಪತ್ರ ತನ್ನಿ ಅಂತ ರಿಜಿಸ್ಟ್ರಾರ್ ಕೇಳಬಹುದು. ಡಾ. ರಾಜ್‌ಕುಮಾರ್ ತೀರಿಕೊಂಡದ್ದು 2006ರ ಏಪ್ರಿಲ್ 12. ಅವರ ವಿಷಯದಲ್ಲಿ ಆ 20 ವರ್ಷದ ಗಡಿ 2026ರ ಏಪ್ರಿಲ್. ಪುನೀತ್ ತೀರಿಕೊಂಡದ್ದು 2021ರ ಅಕ್ಟೋಬರ್ 29, ಅವರದು 2041ರವರೆಗೆ. ಗಡಿ ದಾಟಿದ ಕೂಡಲೇ ಯಾರು ಬೇಕಾದರೂ ಹೆಸರು ಹಾಕಿಕೊಳ್ಳಬಹುದು ಅಂತಲ್ಲ. ಜನರನ್ನು ದಾರಿ ತಪ್ಪಿಸುವ ಗುರುತಿಗೆ ನೋಂದಣಿ ಕೊಡಬಾರದು ಅನ್ನುವ ಬೇರೆ ನಿಯಮ ಹಾಗೇ ಇರುತ್ತದೆ. ಆದರೆ ಮನೆಯವರನ್ನು ಕೇಳಬೇಕು ಅನ್ನುವ ಆ ಒಂದು ಬಾಗಿಲು ಮುಚ್ಚುತ್ತದೆ.

## ಮುಖ, ದನಿ, ಕೀರ್ತಿ

ಬದುಕಿರುವವರಿಗೆ ತಮ್ಮ ಹೆಸರು, ಮುಖ, ದನಿಯ ಮೇಲೆ ಇರುವ ಹಿಡಿತಕ್ಕೆ ವ್ಯಕ್ತಿತ್ವದ ಹಕ್ಕು ಅನ್ನುತ್ತಾರೆ. ನನ್ನ ಫೋಟೋ ಹಾಕಿ ನೀವು ಎಣ್ಣೆ ಮಾರಬೇಕಾದರೆ ನನ್ನನ್ನು ಕೇಳಬೇಕು, ಸರಳವಾಗಿ ಹೇಳಿದರೆ ಇಷ್ಟೇ. ನಮ್ಮಲ್ಲಿ ಇದಕ್ಕೆಂದೇ ಬರೆದ ಕಾಯ್ದೆ ಇಲ್ಲ. ಕೋರ್ಟುಗಳು ಖಾಸಗಿತನದ ಹಕ್ಕು, ಟ್ರೇಡ್‌ಮಾರ್ಕ್, ಕಾಪಿರೈಟ್ ಎಲ್ಲವನ್ನೂ ಸೇರಿಸಿ ತೀರ್ಪಿನಿಂದ ತೀರ್ಪಿಗೆ ಕಟ್ಟುತ್ತಾ ಬಂದಿವೆ.

ಇದು ಮಕ್ಕಳಿಗೆ ಬರುತ್ತದಾ? ಎರಡು ತೀರ್ಪು ನೋಡಿ.

ಒಂದು ಜಯಲಲಿತಾ ಅವರದು. ಮೇಲುಕೋಟೆಯಲ್ಲಿ ಹುಟ್ಟಿದ, ಕನ್ನಡದಲ್ಲೂ ನಟಿಸಿದ ಜಯಲಲಿತಾ ತೀರಿಕೊಂಡದ್ದು 2016ರಲ್ಲಿ. ಅವರ ಬದುಕಿನ ಮೇಲೆ ಸಿನಿಮಾ ಬರುತ್ತಿದೆ ಅಂದಾಗ ಸೋದರನ ಮಗಳು ದೀಪಾ ತಡೆ ಕೇಳಿದರು. 2021ರಲ್ಲಿ ಮದ್ರಾಸ್ ಹೈಕೋರ್ಟ್ ಒಪ್ಪಲಿಲ್ಲ. ಬದುಕಿದ್ದಾಗ ಗಳಿಸಿದ ಖ್ಯಾತಿಯೂ ಖಾಸಗಿತನವೂ ಆ ವ್ಯಕ್ತಿಯ ಜೊತೆಗೇ ಕೊನೆಯಾಗುತ್ತವೆ, ಮನೆ ಜಮೀನಿನ ಹಾಗೆ ವಾರಸುದಾರರಿಗೆ ಬರುವುದಿಲ್ಲ ಅನ್ನುವುದು ಅದರ ನಿಲುವು.

ಇನ್ನೊಂದು ಸುಶಾಂತ್ ಸಿಂಗ್ ರಜಪೂತ್ ಅವರದು. ಮಗನನ್ನು ಕಳೆದುಕೊಂಡ ತಂದೆ, ಮಗನ ಕತೆ ಇಟ್ಟುಕೊಂಡು ಮಾಡಿದ ಸಿನಿಮಾ ನಿಲ್ಲಿಸಿ ಅಂತ ದೆಹಲಿ ಹೈಕೋರ್ಟಿಗೆ ಹೋದರು. 2023ರ ಜುಲೈನಲ್ಲಿ ಬಂದ ಆದೇಶವೂ ಇದೇ ಧಾಟಿಯದು. ಆ ಹಕ್ಕುಗಳು ಸುಶಾಂತ್ ಜೊತೆಗೇ ಹೋದವು, ತಂದೆಗೆ ಉಳಿದಿಲ್ಲ.

ಓದಿದಾಗ ಕರುಳು ಚುರುಕ್ ಅನ್ನುತ್ತದೆ. ಆದರೆ ಕೋರ್ಟಿನ ಚಿಂತೆಯೂ ಅರ್ಥವಾಗುವಂಥದ್ದು. ದೊಡ್ಡವರ ಬದುಕು ಮನೆಯವರ ಸ್ವತ್ತಾಗಿಬಿಟ್ಟರೆ ಚರಿತ್ರೆ ಬರೆಯುವವನು ಪ್ರತಿ ಪುಟಕ್ಕೂ ಮೊಮ್ಮಕ್ಕಳ ಸಹಿ ತರಬೇಕಾಗುತ್ತದೆ. ಆ ಎರಡು ಪ್ರಕರಣಗಳೂ ಕತೆ ಹೇಳುವ ಸಿನಿಮಾದವು, ಅದನ್ನೂ ಗಮನಿಸಬೇಕು. ಸತ್ತವರ ಮುಖ, ದನಿಯನ್ನೇ ಕಂಪ್ಯೂಟರಿನಲ್ಲಿ ಮಾಡಿ ಸಾಬೂನು ಮಾರುವುದು ಬೇರೆ ಸಂಗತಿ. ಅದಕ್ಕೆ ಸ್ಪಷ್ಟ ಕಾಯ್ದೆ ಬೇಕು ಅನ್ನುವುದು ನನ್ನ ಅನಿಸಿಕೆ.

ಮನೆಯವರು ಪೂರ್ತಿ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ತೀರಿಕೊಂಡವರ ಬಗ್ಗೆ ಮಾನಹಾನಿ ಮಾತಾಡಿ ಮನೆಯವರನ್ನು ನೋಯಿಸುವ ಉದ್ದೇಶವಿದ್ದರೆ ಅದು ಅಪರಾಧ. ಹಳೆಯ ದಂಡಸಂಹಿತೆಯಲ್ಲಿ ಇದ್ದ ಈ ಮಾತು ಈಗಿನ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲೂ ಇದೆ.

ಅಮೆರಿಕದ ಕೆಲವು ರಾಜ್ಯಗಳಲ್ಲಿ ದಾರಿ ಬೇರೆ. ಮಾರ್ಟಿನ್ ಲೂಥರ್ ಕಿಂಗ್ ಅವರ ಮುಖದ ಪ್ಲಾಸ್ಟಿಕ್ ಮೂರ್ತಿಗಳನ್ನು ಒಂದು ಕಂಪನಿ ಮಾರಲು ಹೊರಟಾಗ ಮನೆಯವರ ಕಡೆಯಿಂದ ದಾವೆ ಹೂಡಲಾಯಿತು. 1982ರಲ್ಲಿ ಜಾರ್ಜಿಯಾ ರಾಜ್ಯದ ಸುಪ್ರೀಂ ಕೋರ್ಟ್ ಈ ಹಕ್ಕು ಸತ್ತ ಮೇಲೂ ಉಳಿಯುತ್ತದೆ, ವಾರಸುದಾರರಿಗೆ ಹೋಗುತ್ತದೆ ಅಂದಿತು. ಕ್ಯಾಲಿಫೋರ್ನಿಯಾದಲ್ಲಿ ಸತ್ತ ಮೇಲೆ 70 ವರ್ಷ.

ಹಕ್ಕು ಕೈಗೆ ಬಂದರೆ ಜಗಳ ಮುಗಿಯಿತು ಅಂತಲ್ಲ. ಕಿಂಗ್ ಮನೆಯಲ್ಲೇ ನೋಡಿ. ಅಪ್ಪನ ಹೆಸರನ್ನೇ ಪೂರ್ತಿ ಹೊತ್ತ ಹಿರಿಯ ಮಗ ಮೂರನೇ ಮಾರ್ಟಿನ್ ಲೂಥರ್ ಕಿಂಗ್, ಕಿರಿಯ ಮಗ ಡೆಕ್ಸ್‌ಟರ್, ಮಗಳು ಬರ್ನಿಸ್. ಅಪ್ಪನ ನೊಬೆಲ್ ಪದಕ ಮತ್ತು ಬೈಬಲ್ ಮಾರಬೇಕು ಅಂತ 2014ರಲ್ಲಿ ಅಣ್ಣತಮ್ಮ ಹೊರಟರು, ತಂಗಿ ಬೇಡ ಅಂದರು. ಮಾತು ಕೋರ್ಟಿಗೆ ಹೋಯಿತು. ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ನಡುವೆ ಕೂತು 2016ರಲ್ಲಿ ರಾಜಿ ಮಾಡಿಸಿದರು.

## ಪಾಲಿಗೆ ಬರದ್ದು

ಬಿರುದುಗಳು ಬರುವುದಿಲ್ಲ. ಮೈಸೂರು ವಿಶ್ವವಿದ್ಯಾಲಯ 1976ರಲ್ಲಿ ರಾಜ್‌ಕುಮಾರ್ ಅವರಿಗೆ ಕೊಟ್ಟ ಗೌರವ ಡಾಕ್ಟರೇಟ್ ಅವರದು ಮಾತ್ರ. ಪದ್ಮ ಪ್ರಶಸ್ತಿಯನ್ನಂತೂ ಪಡೆದವರೇ ಹೆಸರಿನ ಹಿಂದೆ ಮುಂದೆ ಹಾಕಿಕೊಳ್ಳುವಂತಿಲ್ಲ ಅಂತ 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 1992ರಲ್ಲಿ ಅಪ್ಪನಿಗೆ ಬಂದ ಕರ್ನಾಟಕ ರತ್ನ 2022ರ ರಾಜ್ಯೋತ್ಸವದಂದು ಮಗ ಪುನೀತ್‌ಗೂ ಬಂತು, ಅವರು ಇಲ್ಲವಾದ ಮೇಲೆ. ಅದು ಪುನೀತ್ ಗಳಿಸಿದ್ದು, ಅಪ್ಪನಿಂದ ಇಳಿದು ಬಂದದ್ದಲ್ಲ.

ಜನರ ಪ್ರೀತಿಯೂ ಹೀಗೆಯೇ. ಅಭಿಮಾನಿಗಳಿಗೆ ಅಪ್ಪ ‘ಅಣ್ಣಾವ್ರು’. ಆ ಪದ ಮಕ್ಕಳಿಗೆ ಹೋಗಲಿಲ್ಲ. ಜನ ಅವರಿಗೆ ಬೇರೆಯೇ ಕೊಟ್ಟರು: ಶಿವಣ್ಣ, ರಾಘಣ್ಣ, ಅಪ್ಪು. ಮೂವರ ಹೆಸರಲ್ಲೂ ರಾಜ್‌ಕುಮಾರ್ ಇದೆ, ಕರೆಯುವಾಗ ಯಾರ ಬಾಯಲ್ಲೂ ಅದು ಬರುವುದಿಲ್ಲ. ಕೋರ್ಟು ಗಿರಾಕಿ ಗೊಂದಲಕ್ಕೆ ಬೀಳಬಾರದು ಅಂತ ಪುಟಗಟ್ಟಲೆ ಬರೆಯುವ ಕೆಲಸವನ್ನು ಅಭಿಮಾನಿಗಳು ಒಂದೊಂದು ಪದದಲ್ಲಿ ಮುಗಿಸಿದ್ದಾರೆ ಅಲ್ವಾ?

ಅಪ್ಪನಿಂದ ಮಗನಿಗೆ ಸಾಗಿದ್ದು ಇನ್ನೊಂದಿದೆ, ಅದು ಯಾವ ಕಾಯ್ದೆಯಲ್ಲೂ ಇಲ್ಲ. ರಾಜ್‌ಕುಮಾರ್ ಕಣ್ಣು ದಾನ ಮಾಡಿದ್ದರು. ಬೆಂಗಳೂರಿನ ನಾರಾಯಣ ನೇತ್ರಾಲಯದ ನೇತ್ರ ಬ್ಯಾಂಕ್ ಅವರ ಹೆಸರಿನಲ್ಲೇ ಇದೆ. ಪುನೀತ್ ತೀರಿಕೊಂಡಾಗ ಅವರ ಕಣ್ಣುಗಳನ್ನೂ ಅಲ್ಲಿಗೇ ಕೊಟ್ಟರು. ಅದರಿಂದ ನಾಲ್ವರಿಗೆ ದೃಷ್ಟಿ ಬಂತು.

## ನಿಮ್ಮ ಮನೆಯ ಅಂಗಡಿಯಾದರೆ

ಅಪ್ಪ ಇನ್ನೂ ಗಟ್ಟಿಮುಟ್ಟಾಗಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರೆ ಮಾತಾಡಲು ಅದೇ ಒಳ್ಳೆಯ ಹೊತ್ತು. ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ಅಪ್ಪನ ಹೆಸರಲ್ಲೇ ನೋಂದಾಯಿಸಿ. ಕರ್ನಾಟಕದವರಿಗೆ ಸಂಬಂಧಪಟ್ಟ ಕಚೇರಿ ಚೆನ್ನೈನದು, ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಒಬ್ಬ ವ್ಯಕ್ತಿಯ ಅಥವಾ ಸಣ್ಣ ಉದ್ದಿಮೆಯ ಹೆಸರಲ್ಲಾದರೆ ಒಂದು ವರ್ಗದ ಸರಕಿಗೆ ಶುಲ್ಕ 4,500 ರೂಪಾಯಿ, ದೊಡ್ಡ ಕಂಪನಿಯಾದರೆ 9,000. ಸಿಕ್ಕಿದ ನೋಂದಣಿ 10 ವರ್ಷದ್ದು, ಆಮೇಲೆ ನವೀಕರಿಸುತ್ತಾ ಹೋಗಬೇಕು. ನೋಂದಣಿಯಾದ ಹೆಸರು ಆಸ್ತಿಯಂತೆಯೇ. ವಿಲ್‌ನಲ್ಲಿ ಬರೆಯಬಹುದು, ಒಬ್ಬರಿಗೇ ಕೊಡಬಹುದು, ಜಂಟಿಯಾಗಿಯೂ ಇಡಬಹುದು.

ವಿಭಾಗ ಪತ್ರ ಮಾಡಿಸುವಾಗ ಸೈಟು, ಚಿನ್ನ, ವಾಹನ ಎಲ್ಲ ಬರೆಸುತ್ತಾರೆ. ಹೆಸರನ್ನು ಬರೆಸಲು ಮಾತ್ರ ಮರೆಯುತ್ತಾರೆ, ಮುಂದಿನ ಜಗಳ ಅಲ್ಲಿಂದಲೇ ಹುಟ್ಟುತ್ತದೆ. ಹಳೇ ಬೋರ್ಡು ಯಾರಿಗೆ? ಇನ್ನೊಬ್ಬರು ಹೊಸ ಅಂಗಡಿ ತೆರೆದರೆ ಹೆಸರಿನ ಜೊತೆ ಏನು ಸೇರಿಸಬೇಕು? ಎಷ್ಟು ದೂರದಲ್ಲಿ ತೆರೆಯಬಹುದು? ‘ಬೇರೆ ಶಾಖೆಗಳಿಲ್ಲ’ ಅಂತ ಹಾಕುವ ಹಕ್ಕು ಯಾರದು? ಅಪ್ಪನ ಫೋಟೋ ಇಬ್ಬರೂ ಹಾಕಬಹುದಾ? ಅಂಗಡಿಯ ಫೋನ್ ನಂಬರ್, ಫೇಸ್‌ಬುಕ್ ಪುಟ, ಗೂಗಲ್ ಮ್ಯಾಪಿನಲ್ಲಿರುವ ಜಾಗ ಯಾರ ಕೈಯಲ್ಲಿ? ಮಗಳು ವ್ಯಾಪಾರದಲ್ಲಿ ಇಲ್ಲದಿದ್ದರೂ ಹೆಸರಿಗೆ ಬೆಲೆ ಕಟ್ಟಿ ಅವಳ ಪಾಲು ಕೊಡಬೇಕಲ್ಲ, ಎಷ್ಟು? ಇಷ್ಟಕ್ಕೂ ಉತ್ತರ ಬರೆದು ಎಲ್ಲರೂ ಸಹಿ ಹಾಕಿದರೆ ಮುಂದೆ ವಕೀಲರಿಗೆ ಕೊಡುವ ದುಡ್ಡು ಎಷ್ಟೋ ಉಳಿಯುತ್ತದೆ.

ಈಗಾಗಲೇ ಮಾತು ಕೆಟ್ಟಿದ್ದರೆ ನೇರ ದಾವೆ ಹೂಡುವ ಮೊದಲು ಮಧ್ಯಸ್ಥಿಕೆ ಇದೆ. ಟ್ರೇಡ್‌ಮಾರ್ಕ್ ಜಗಳ ವಾಣಿಜ್ಯ ವ್ಯಾಜ್ಯದ ಲೆಕ್ಕಕ್ಕೆ ಬರುತ್ತದೆ. ನಿಗದಿತ ಮೊತ್ತ ಮೀರಿದ ಇಂಥ ದಾವೆಗಳಲ್ಲಿ, ತುರ್ತಾಗಿ ತಡೆಯಾಜ್ಞೆ ಬೇಕಾದ ಸಂದರ್ಭ ಬಿಟ್ಟರೆ, ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು ಅನ್ನುವ ನಿಯಮ 2018ರಿಂದ ಇದೆ. ಅಲ್ಲಿ ಆಡಿದ ಮಾತು ಗುಟ್ಟಾಗಿರುತ್ತದೆ. ರಾಜಿಯಾಗದಿದ್ದರೆ ಕೋರ್ಟಿನ ಬಾಗಿಲು ಹೇಗೂ ತೆರೆದೇ ಇರುತ್ತದೆ.